ಅವ್ವ ಹೈನ ಬಿಟ್ಟ ವರ್ಷ

ಕಳೆದ ತಿಂಗಳು ನಮ್ಮ ಹುಮನಾಬಾದಿನ ಮನೆಗೆ ಬಣ್ಣ ಬಳಿಸುವ ಮಾತು ಬಂತು. ಬಣ್ಣದ ಅಂಗಡಿಯವನು ಅಂಗೈಯಗಲದ ಒಂದು ಪುಸ್ತಕ ಕಳಿಸಿದ್ದ. ಹಾಳೆ ತಿರುವಿದಂತೆಲ್ಲ ಹಸಿರು, ಹಳದಿ, ನೀಲಿ ಎಂದು ಸಾಲುಸಾಲು ಚೌಕದ ಮನೆಗಳು. ನಮ್ಮ ಯಜಮಾನರು ಒಂದು ಹಾಳೆ ತೆರೆದು, "ಪಡಸಾಲಿಗೆ ಈ ಕೆಂಪು ಹ್ಯಾಂಗ ಕಾಣತದ ನೋಡು" ಎಂದು ನನ್ನ ಮುಂದೆ ಹಿಡಿದರು. ತಿಳಿ ಗುಲಾಬಿಯಿಂದ ಕಡುಗೆಂಪಿನ ತನಕ ಒಂದೇ ಬಣ್ಣ ಹತ್ತು ಮನೆ ಇಳಿದಿತ್ತು. ಕೈಯಲ್ಲಿದ್ದ ಚಹಾದ ಬಸಿ ನೆಲಕ್ಕಿಟ್ಟು, "ಬ್ಯಾಡ್ರಿ, ಸುಣ್ಣಾನೇ ಇರಲಿ" ಅಂದೆ.

"ಬಣ್ಣಕ್ಕೂ ಅಂಜತಾರೇನ ಯಾರರೆ!" ಎಂದು ಅವರು ನಕ್ಕರು. ಮಕ್ಕಳೂ ನಕ್ಕವು.

ನಗಲಿ ಬಿಡಿ. ನಾನು ಅಂಜುಬುರುಕಿ ಎಂಬುದು ಓಣಿಗೆಲ್ಲ ಗೊತ್ತು. ಹಲ್ಲಿ ಲೊಚಗುಟ್ಟಿದರೆ ಅಂಜುತ್ತೇನೆ. ಅಂಚೆಯವನು ನಮ್ಮ ಬಾಗಿಲಲ್ಲಿ ಸೈಕಲ್ ನಿಲ್ಲಿಸಿದರೆ ಅಂಜುತ್ತೇನೆ, ನಿಲ್ಲಿಸದೆ ಹೋದರೆ ಯಾಕೆ ನಿಲ್ಲಿಸಲಿಲ್ಲ ಎಂದು ಅಂಜುತ್ತೇನೆ. ಆದರೆ ಈ ಹತ್ತು ಕೆಂಪು ಮನೆಗಳ ಅಂಜಿಕೆ ಅಂಥದ್ದಲ್ಲ. ಅದಕ್ಕೊಂದು ಕಾರಣವಿದೆ. ಆ ಕಾರಣ ನಮ್ಮ ಮನೆಯ ಎಮ್ಮೆಯಿಂದ ಶುರುವಾಗುತ್ತದೆ.

ನನಗಾಗ ಹನ್ನೊಂದು ವರ್ಷ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷಗಳಾಗಿದ್ದವು. ಸಾಲೆಯಲ್ಲಿ ಮಾಸ್ತರರು ಕನ್ನಡದಲ್ಲಿ ಪಾಠ ಹೇಳಿ ಉರ್ದುವಿನಲ್ಲಿ ಬೈಯುತ್ತಿದ್ದ ಕಾಲ. ಬಸವಕಲ್ಯಾಣದಲ್ಲಿ ಅಪ್ಪನದೊಂದು ಕಿರಾಣಿ ಅಂಗಡಿ, ಊರಾಚೆ ನಾಲ್ಕು ಎಕರೆ ಹೊಲ, ಹಿತ್ತಲಲ್ಲಿ ಚಂದ್ರಿ ಎಂಬ ಎಮ್ಮೆ. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿ ಆಯಿ. ಆಯಿಯ ತವರು ನಿರ್ಣಾ. ಅಲ್ಲಿ ಅವರ ಅಪ್ಪನ ಮನೆಯಲ್ಲಿ ಹತ್ತು ಎಮ್ಮೆ ಕಟ್ಟಿದ್ದರಂತೆ. ನನಗೆ ಬುದ್ಧಿ ಬರುವಾಗ ಆರು ಇದ್ದವು, ಆಮೇಲೆ ಆಯಿಯ ಮಾತಿನಲ್ಲಿ ವರ್ಷಕ್ಕೊಂದು ಹೆಚ್ಚಾಗುತ್ತ ಹೋದವು. ಆಯಿಗೆ ಹೈನವೆಂದರೆ ಹಾಲು, ಮೊಸರು, ಬೆಣ್ಣೆ, ತುಪ್ಪ ಮಾತ್ರವಲ್ಲ, ಅದು ಮರ್ಯಾದೆ. ತುಪ್ಪವಿಲ್ಲದೆ ಅನ್ನ ಬಡಿಸಿದರೆ ಅತಿಥಿಯನ್ನು ಹೊಡೆದು ಕಳಿಸಿದಂತೆ.

ಆ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಚಂದ್ರಿ ಕರು ಹಾಕಿತು. ನಾಲ್ಕು ಮೊಲೆಯಲ್ಲಿ ಒಂದು ಕರುವಿನ ಪಾಲು, ಅದನ್ನು ಹಿಂಡಬಾರದು ಎಂಬುದು ನಮ್ಮ ಕಡೆಯ ರೀತಿ. ಆದರೆ ಗಿಣ್ಣಿನ ಹಾಲು ಮುಗಿಯುತ್ತಲೇ ಅಪ್ಪನ ಅಕ್ಕ ಮಕ್ಕಳ ದಂಡು ಕಟ್ಟಿಕೊಂಡು ಬಂದರು. ಚಹಾಕ್ಕೆ ಹಾಲು, ಬಾಸುಂದಿಗೆ ಹಾಲು, ಮಕ್ಕಳಿಗೆ ಹಾಲು. ಅವ್ವ ನಾಲ್ಕನೆಯ ಮೊಲೆಯನ್ನೂ ಹಿಂಡಿದಳು. ಒಂದು ದಿನವಲ್ಲ, ಎಂಟು ದಿನ. ಒಂಬತ್ತನೆಯ ದಿನ ಬೆಳಿಗ್ಗೆ ಕರು ಏಳಲಿಲ್ಲ.

ಕರು ಸತ್ತ ಎಮ್ಮೆ ಹಾಲು ಕೊಡುವುದಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಉಪಾಯವುಂಟು. ಸತ್ತ ಕರುವಿನ ಚರ್ಮ ಸುಲಿದು, ಹುಲ್ಲು ತುಂಬಿ, ನಾಲ್ಕು ಕೋಲಿನ ಕಾಲು ಕಟ್ಟಿ ಎಮ್ಮೆಯ ಮುಂದೆ ನಿಲ್ಲಿಸುತ್ತಾರೆ. ಎಮ್ಮೆ ಅದನ್ನೇ ಮಗುವೆಂದು ನೆಕ್ಕುತ್ತದೆ, ನೆಕ್ಕುತ್ತಲೇ ತೊರೆ ಬಿಟ್ಟು ಹಾಲು ಇಳಿಸುತ್ತದೆ. ಅಪ್ಪ ಹಾಗೆ ಮಾಡಿಸಿ ತಂದು ನಿಲ್ಲಿಸಿದರು. ಅವ್ವ ಚರಿಗೆ ಹಿಡಿದು ಹಿಂಡಲು ಕುಳಿತಳು. ಚಂದ್ರಿ ಆ ಹುಲ್ಲಿನ ಕರುವಿನ ಕಣ್ಣಿಲ್ಲದ ಮುಖವನ್ನು ನೆಕ್ಕತೊಡಗಿತು. ಚರಿಗೆಯಲ್ಲಿ ನೊರೆ ಏರಿತು. ಅವ್ವ ಅರ್ಧಕ್ಕೆ ಎದ್ದಳು. ಹಿಂದಿನ ವರ್ಷ ನನಗೊಬ್ಬ ತಮ್ಮ ಹುಟ್ಟಿ ಮೂರೇ ದಿನ ಇದ್ದು ಹೋಗಿದ್ದ. ಅವ್ವನಿಗೆ ಅದು ನೆನಪಾಯಿತೆಂದು ಈಗ ನನಗೆ ತಿಳಿಯುತ್ತದೆ, ಆಗ ತಿಳಿಯಲಿಲ್ಲ. ಕೈ ತೊಳೆದು ಬಂದು ಕೊರಳಲ್ಲಿದ್ದ ಲಿಂಗ ಹಿಡಿದು, "ಇವತ್ತಿಗೆ ಮುಗೀತು. ಹಾಲಿಲ್ಲ, ಮಸರಿಲ್ಲ, ಮಜ್ಜಿಗಿಲ್ಲ, ತುಪ್ಪಿಲ್ಲ. ಯಾವ ತಾಯಿದೂ ನನಗ ಬ್ಯಾಡ" ಎಂದಳು.

"ಈ ಸಿಟ್ಟು ಎಂಟು ದಿನದ್ದು" ಎಂದರು ಆಯಿ, ಬೆಣ್ಣೆ ಕಡೆಯುತ್ತಲೇ.

ಎಂಟು ದಿನ ಹೋಯಿತು, ತಿಂಗಳು ಹೋಯಿತು. ಶ್ರಾವಣದಲ್ಲಿ ಅವ್ವ ಬಸುರಿ ಎಂದು ತಿಳಿಯಿತು. ಆಗ ಮನೆಯಲ್ಲಿ ನಿಜವಾದ ಹೆದರಿಕೆ ಹೊಕ್ಕಿತು. ಬಸುರಿ ಹೆಂಗಸು ಹೈನ ಬಿಟ್ಟರೆ ಕೂಸಿಗೆ ಎಲುಬು ಎಲ್ಲಿಂದ ಬರಬೇಕು ಎಂದು ಆಯಿ ದಿನಕ್ಕೆ ಮೂರು ಸಲ ಕೇಳುತ್ತಿದ್ದರು. ಅವ್ವ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಕೊಡ ಇಳಿಸಿ ಗೋಡೆ ಹಿಡಿಯುತ್ತಿದ್ದಳು. ಅವಳ ಉಗುರು ಸುಣ್ಣದ ನೀರಿನ ಬಣ್ಣಕ್ಕೆ ತಿರುಗಿದ್ದವು. ಕೊನೆಗೆ ಅಪ್ಪ ಅಂಗಡಿಗೆ ಬೀಗ ಹಾಕಿ ನಮ್ಮನ್ನೆಲ್ಲ ಹುಮನಾಬಾದಿನ ಬಸ್ಸು ಹತ್ತಿಸಿದರು. ಅಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು.

ಡಾಕ್ಟರಬಾಯಿ ಬಿಳಿ ಸೀರೆಯ, ದೊಡ್ಡ ದನಿಯ ಹೆಂಗಸು. ಅವ್ವನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಒತ್ತುಕಾಗದದ ಮೇಲೆ ಇಳಿಸಿಕೊಂಡರು. ಆಮೇಲೆ ಒಂದು ಸಣ್ಣ ಪುಸ್ತಕ ತೆಗೆದರು. ಅದರೊಳಗೆ ತಿಳಿಯಿಂದ ಗಾಢಕ್ಕೆ ಇಳಿದ ಹತ್ತು ಕೆಂಪು ಮನೆಗಳು, ರಕ್ತ ಎಷ್ಟಿದೆ ಎಂದು ಅಳೆಯಲು. ಅವ್ವನ ರಕ್ತದ ಕಲೆಯನ್ನು ಒಂದೊಂದು ಮನೆಗೂ ಹಿಡಿದು ನೋಡುತ್ತ ಮೇಲೆ ಮೇಲೆ ಹೋದರು. ನಾನು ಮೇಜಿನ ಅಂಚಿಗೆ ಗಲ್ಲ ಊರಿ ನಿಂತಿದ್ದೆ. ಎಂಟನೆಯದಕ್ಕೆ ಹೊಂದಲಿಲ್ಲ. ಆರಕ್ಕೆ ಹೊಂದಲಿಲ್ಲ. ನಾಲ್ಕನೆಯದರ ಮೇಲೆ ಅವರ ಬೆರಳು ನಿಂತಿತು. ಅದು ಕೆಂಪೇ ಅಲ್ಲ, ತೊಳೆದ ಕಲ್ಲಂಗಡಿಯ ಬಣ್ಣ.

"ಖೂನ್ ಭಾಳ ಕಮ್ಮಿ ಅದ" ಎಂದರು ಡಾಕ್ಟರಬಾಯಿ. "ಏನ್ ತಿಂತೀರಿ ಅಕ್ಕಾ? ಹಾಲು, ತತ್ತಿ?"

ತತ್ತಿ ಎಂಬ ಮಾತಿಗೆ ಆಯಿ ಕಿವಿ ಮುಚ್ಚಿಕೊಂಡರು. ಹಾಲು ಎಂಬ ಮಾತಿಗೆ ಅವ್ವ ತಲೆ ಅಲ್ಲಾಡಿಸಿದಳು. "ಹೈನ ಬಿಟ್ಟೀನ್ರಿ. ಆಣಿ ಮಾಡೀನಿ."

"ಹೇಳ್ರಿ ಬಾಯಿ, ನೀವರೆ ಹೇಳ್ರಿ!" ಎಂದರು ಆಯಿ. "ಹಾಲಿಲ್ಲದ ಬಸುರಿ ಎಲ್ಲೆರೆ ಕಂಡೀರೇನು?"

ಡಾಕ್ಟರಬಾಯಿ ಇಬ್ಬರ ಮುಖವನ್ನೂ ನೋಡಿದರು. ಗುಳಿಗೆ ಬರೆದುಕೊಟ್ಟರು. ಆಮೇಲೆ ಕುರ್ಚಿ ಮುಂದೆಳೆದು, "ಹಾಲಿನಿಂದ ಶಕ್ತಿ ಬರತದ, ಖರೆ. ಆದ್ರ ರಕ್ತ ಏರಸೂದು ಪಲ್ಲ್ಯಾ ಮತ್ತ ಕಾಳು. ಆಣಿ ಬಿಡಂಗಿಲ್ಲಂದ್ರ ಕೇಳ್ರಿ. ದಿನಾ ಎರಡೂ ಹೊತ್ತು ಹಸರು ಪಲ್ಲ್ಯಾ ಆಗಬೇಕು. ಎರಡೂ ಹೊತ್ತು ಬ್ಯಾಳಿ ಇಲ್ಲಾ ಮೊಳಕಿ ಕಾಳು ಆಗಬೇಕು. ಕುದಿಸಿದ ನೀರು ಚೆಲ್ಲಬಾರದು. ಮ್ಯಾಲ ನಿಂಬಿಹಣ್ಣು ಹಿಂಡ್ರಿ. ಊಟದ ಬೆನ್ನಿಗೆ ಚಹಾ ಕುಡೀಬ್ಯಾಡ್ರಿ. ಶೇಂಗಾ, ಎಳ್ಳು, ಬೆಲ್ಲ ತಿನ್ರಿ" ಎಂದರು. ಕೊನೆಗೆ ದನಿ ತಗ್ಗಿಸಿ ಅಪ್ಪನಿಗೆ, "ಏಳು ತಿಂಗಳು ತುಂಬೂದ್ರೊಳಗ ಎರಡು ಮನಿ ಏರಬೇಕ್ರಿ. ಏರಲಿಲ್ಲಂದ್ರ ಬಾಣಂತನ ನನ್ನ ಕೈಯಾಗಿಲ್ಲ" ಎಂದರು.

ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಬಸ್ಸಿನಲ್ಲಿ ಉದ್ದಕ್ಕೂ ನಾನು ಅವ್ವನ ಸೆರಗು ಹಿಡಿದು ಕೂತಿದ್ದೆ.

ಗುಳಿಗೆ ಅವ್ವನಿಗೆ ಒಗ್ಗಲಿಲ್ಲ. ನುಂಗಿದ ಅರ್ಧ ತಾಸಿಗೆ ವಾಂತಿ. ಹೀಗಾಗಿ ಎಲ್ಲ ಭಾರ ಪಲ್ಲೆಯ ಮೇಲೆ, ಕಾಳಿನ ಮೇಲೆ, ಮತ್ತು ನನ್ನ ಮೇಲೆ ಬಿತ್ತು. ಸಾಲೆ ಬಿಟ್ಟ ಕೂಡಲೇ ಬುಟ್ಟಿ ಹಿಡಿದು ಹೊಲದ ಬದುವಿಗೆ ಓಡುತ್ತಿದ್ದೆ. ಮಳೆಗಾಲದ ಹೊಲ ಎಂದರೆ ಏನು ಹೇಳಲಿ! ಗೋಳಿ ಪಲ್ಲೆ, ಹತ್ತರಕಿ, ಕಿರಕಸಾಲಿ ಎಲ್ಲ ಬಿತ್ತದೆ ಬೆಳೆದವು. ಪುಂಡಿ ಪಲ್ಲೆ ನಮ್ಮದೇ ಬದುವಿನಲ್ಲಿತ್ತು. ಹಿತ್ತಲಲ್ಲಿ ನುಗ್ಗೆ, ರಾಜಗಿರಿ. ನಾನು ಎಷ್ಟು ಅಂಜುತ್ತಿದ್ದೆನೆಂದರೆ ಒಂದೊಂದು ಎಲೆಯನ್ನೂ ಮೂಸಿ, ನೆಕ್ಕಿ, ನನಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಬುಟ್ಟಿಗೆ ಹಾಕುತ್ತಿದ್ದೆ. ಒಂದು ದಿನ ಗೊತ್ತಿಲ್ಲದ ಯಾವುದೋ ಎಲೆ ನೆಕ್ಕಿ ನಾಲಿಗೆ ಜುಮ್ಮೆಂದು, ಸತ್ತೆನೆಂದು ಬದುವಿನ ಮೇಲೆ ಮಲಗಿ ಕಣ್ಣು ಮುಚ್ಚಿದ್ದೆ. ಬಹಳ ಹೊತ್ತಾದರೂ ಸಾವು ಬರದೆ, ಹಸಿವು ಬಂದದ್ದರಿಂದ ಎದ್ದು ಮನೆಗೆ ಹೋದೆ.

ಮನೆಯಲ್ಲಿ ಕಾಳುಗಳ ದರ್ಬಾರು. ಮಡಿಕೆ ಕಾಳು, ಹೆಸರು, ಅಲಸಂದಿ ಒದ್ದೆ ಅರಿವೆಯಲ್ಲಿ ಕಟ್ಟಿ ತೂಗುಹಾಕಿದರೆ ಎರಡನೆಯ ದಿನಕ್ಕೆ ಮೊಳಕೆ. ಆ ಗಂಟುಗಳನ್ನು ದಿನಕ್ಕೆ ಹತ್ತು ಸಲ ಬಿಚ್ಚಿ ನೋಡುತ್ತಿದ್ದವಳು ನಾನೇ. "ಬಿಚ್ಚಿ ಬಿಚ್ಚಿ ನೋಡಿದ್ರ ಅವಕ್ಕ ನಾಚಿಕಿ ಬರತದ, ಮೊಳಕಿ ಒಡ್ಯಂಗಿಲ್ಲ" ಎಂದು ಅವ್ವ ಗದರುತ್ತಿದ್ದಳು. ಪುಂಡಿ ಪಲ್ಲೆಗೆ ತೊಗರಿ ಬೇಳೆ, ಮೆಂತ್ಯೆ ಪಲ್ಲೆಗೆ ಹೆಸರು ಬೇಳೆ, ರಾಜಗಿರಿಗೆ ಶೇಂಗಾ ಪುಡಿ, ರೊಟ್ಟಿಯ ಮಗ್ಗುಲಿಗೆ ಅಗಸೆ ಹಿಂಡಿ ಎಂಬ ಚಟ್ನಿಪುಡಿ. ಮಧ್ಯಾಹ್ನ ಅವ್ವ ಅಡ್ಡಾದಾಗ ನಾನು ಮೆಲ್ಲಗೆ ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಗಿನ ಬಣ್ಣ ನೋಡುತ್ತಿದ್ದೆ. ನಾಲ್ಕನೆಯ ಮನೆಯೋ, ಐದನೆಯದೋ? ಅವ್ವ ಬೆಚ್ಚಿ ಎದ್ದು ಕಪಾಳಕ್ಕೆ ಬಿಟ್ಟದ್ದೂ ಉಂಟು. ಏಟು ಜೋರಾಗಿದ್ದರೆ ನನಗೆ ಸಂತೋಷ, ಅವ್ವನಿಗೆ ಶಕ್ತಿ ಬಂದಿದೆ ಎಂದು.

ಆದರೆ ಆಯಿಗೆ ಸೊಪ್ಪಿನ ಮೇಲೆ ವಿಶ್ವಾಸವಿರಲಿಲ್ಲ. "ಸೊಪ್ಪು ತಿಂದು ಬಲಾ ಬಂದಿದ್ರ ಆಡು ಆನಿ ಆಗತಿತ್ತು" ಎನ್ನುತ್ತಿದ್ದರು. ಒಂದು ದಿನ ಬೆಳಿಗ್ಗೆ ಅಡುಗೆಮನೆಗೆ ಹೋದೆ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ಆಯಿಯ ಕೆಲಸ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಬೇಕು. ಆಯಿ ಹಾಕುತ್ತಿದ್ದದ್ದು ನೀರಲ್ಲ, ಕಾಸಿದ ಹಾಲು. ಹಾಲಿನಲ್ಲಿ ನಾದಿದ ರೊಟ್ಟಿಗೆ ನಮ್ಮ ಕಡೆ ದಶಮಿ ಎನ್ನುತ್ತಾರೆ, ದೂರದ ಊರಿಗೆ ಹೋಗುವಾಗ ಬುತ್ತಿ ಕಟ್ಟುವುದು. ಅವತ್ತು ಯಾರೂ ಊರಿಗೆ ಹೊರಟಿರಲಿಲ್ಲ. ಆಯಿ ದಶಮಿ ಎರಡು ಬಡಿದು, ಬೇರೆ ಇಟ್ಟು, ಆಮೇಲೆ ನೀರಿನ ಹಿಟ್ಟು ತೆಗೆದುಕೊಂಡರು. ಆ ಎರಡು ಯಾರ ತಾಟಿಗೆ ಎಂದು ನನಗೆ ಗೊತ್ತಾಯಿತು.

ಆಯಿ ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಹಿಡಿದರು. "ಬಾಯಿ ಬಿಟ್ಟಿ ಅಂದ್ರ ನಿಮ್ಮವ್ವ ಉಳಿಯಂಗಿಲ್ಲ ನೋಡು. ಡಾಕ್ಟರಬಾಯಿ ಅಂದದ್ದು ಕೇಳಿಲ್ಲೇನು?"

"ಆಣಿ ಮುರದ್ರ ದೇವರು ಸಿಟ್ಟಾಗಂಗಿಲ್ಲೇನು ಆಯಿ?"

"ದೇವರಿಗೆ ನಾ ಹೇಳ್ತೀನಿ. ನೀ ನಿಮ್ಮವ್ವಗ ಹೇಳಬ್ಯಾಡ."

ದೇವರಿಗೆ ಹೇಳುವ ಆಯಿಯ ಧೈರ್ಯ ನನಗೆಲ್ಲಿಂದ ಬರಬೇಕು? ಹೇಳಿದರೆ ಅವ್ವ ಊಟ ಬಿಟ್ಟು ಸಾಯುತ್ತಾಳೆ. ಹೇಳದಿದ್ದರೆ ಆಣೆ ಮುರಿದು ಸಾಯುತ್ತಾಳೆ. ಅತ್ತ ದರಿ, ಇತ್ತ ಪುಲಿ. ಅವ್ವ ರೊಟ್ಟಿ ಮುರಿದು ಬಾಯಿಗಿಡುವಾಗ ನಾನು ಸಿಡಿಲು ಬೀಳುತ್ತದೆಂದು ಕಿಟಕಿಯಾಚೆ ನೋಡುತ್ತಿದ್ದೆ. ಸಿಡಿಲು ಬೀಳಲಿಲ್ಲ. ಅವ್ವ, "ರೊಟ್ಟಿ ಭಾಳ ಮೆತ್ತಗ ಬರಾಕತ್ತಾವಲ್ಲರಿ ಅತ್ತಿ" ಅಂದಳು.

"ಹೊಸ ಜ್ವಾಳ" ಎಂದರು ಆಯಿ, ಕಣ್ಣು ಮಿಟುಕಿಸದೆ. ಹೊಸ ಜೋಳ ಬರಲು ಇನ್ನೂ ಐದು ತಿಂಗಳಿತ್ತು. ಬಸುರಿಗೆ ನಾಲಿಗೆಯೂ ನೆಟ್ಟಗಿರಲಿಲ್ಲ, ತಿಥಿಯೂ ನೆನಪಿರಲಿಲ್ಲವೋ ಏನೋ, ಅವ್ವ ಸುಮ್ಮನಾದಳು.

ಒಂದು ತಿಂಗಳಿಗೆ ಮತ್ತೆ ಹುಮನಾಬಾದಿಗೆ ಹೋದೆವು. ಮತ್ತೆ ಸೂಜಿ, ಮತ್ತೆ ಆ ಪುಸ್ತಕ. ಈ ಸಲ ಡಾಕ್ಟರಬಾಯಿಯ ಬೆರಳು ಐದನೆಯ ಮನೆಯ ಮೇಲೆ ನಿಂತಿತು. "ಶಾಬಾಸ್! ಒಂದು ಏರೇದ. ಏನ್ ತಿಂದ್ರಿ?" ಎಂದು ಕೇಳಿದರು. ಅವ್ವ ಸಾಲೆಯ ಹುಡುಗಿಯ ಹಾಗೆ ಎದ್ದು ನಿಂತು ಪಲ್ಲೆಗಳ ಹೆಸರು, ಕಾಳುಗಳ ಹೆಸರು ಒಪ್ಪಿಸಿದಳು. ಆಯಿ ನನ್ನ ತೊಡೆ ಚಿವುಟಿ, "ಪಲ್ಲ್ಯಾ ಅಂತ ಪಲ್ಲ್ಯಾ!" ಎಂದು ಕಿವಿಯಲ್ಲಿ ಪಿಸುಗುಟ್ಟಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವನ ಮುಖ ಬಹಳ ದಿನದ ಮೇಲೆ ಅರಳಿತ್ತು. ಒಮ್ಮೆಲೇ ಅವಳು ಸೆರಗಿನೊಳಗೆ ಲಿಂಗ ಹಿಡಿದುಕೊಂಡು ಕಣ್ಣು ಮುಚ್ಚಿ ಹೇಳಿದಳು: "ಈ ಕೂಸು ಉಳದರ ಸಾಯೂತನಕ ಹೈನ ಮುಟ್ಟಂಗಿಲ್ಲ. ಇವತ್ತಿನಿಂದ ಈ ಆಣಿ ನಂದಲ್ಲ, ಕೂಸಿಂದು. ನಾ ಮುರದ್ರ ಅದರ ತಲಿ ಮ್ಯಾಲ ಬೀಳಲಿ."

ಆಯಿ ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಬಸ್ಸಿನ ಸದ್ದೇ ಕೇಳದಾಯಿತು. ಮನೆಯಲ್ಲಿ ನಾಳೆ ಬೆಳಿಗ್ಗೆ ಮತ್ತೆ ದಶಮಿ ಬೇಯುತ್ತದೆ. ಅವ್ವ ತಿನ್ನುತ್ತಾಳೆ. ಕೂಸಿನ ತಲೆಯ ಮೇಲೆ ಬೀಳುತ್ತದೆ. ಮೂರು ದಿನ ಇದ್ದು ಹೋದ ಆ ತಮ್ಮನ ಸಣ್ಣ ಮುಷ್ಟಿ ನನಗೆ ನೆನಪಿತ್ತು.

ಮರುದಿನದಿಂದ ನಾನು ಅವ್ವನ ಪಕ್ಕಕ್ಕೇ ಉಣ್ಣಲು ಕುಳಿತೆ. ಆಯಿ ಅವ್ವನ ತಾಟಿಗೆ ದಶಮಿ ಹಾಕಿ ಒಲೆಯ ಕಡೆ ತಿರುಗುತ್ತಿದ್ದರು, ಅವ್ವ ನೀರು ತರಲೆಂದೋ ಉಪ್ಪು ತರಲೆಂದೋ ಏಳುತ್ತಿದ್ದಳು. ಅಷ್ಟರಲ್ಲಿ ನನ್ನ ನೀರಿನ ರೊಟ್ಟಿ ಅವ್ವನ ತಾಟಿಗೆ, ಅವ್ವನ ದಶಮಿ ನನ್ನ ತಾಟಿಗೆ. ಅವ್ವ ಏಳದಿದ್ದರೆ ನಾನೇ ತಂಬಿಗೆ ಉರುಳಿಸುತ್ತಿದ್ದೆ. ಆ ಚಳಿಗಾಲ ಉರುಳಿಸಿದ ತಂಬಿಗೆಗಳಿಗೆ ತಿಂದ ಪೆಟ್ಟು ಅಷ್ಟಿಷ್ಟಲ್ಲ. ಕದ್ದ ದಶಮಿ ಬಲು ರುಚಿ. ಅಂಜುತ್ತ ಅಂಜುತ್ತ ನಾನು ದಪ್ಪಗಾದೆ. ದೀಪಾವಳಿಗೆ ಹೊಲಿಸಿದ ಲಂಗದ ಲಾಡಿ ಸಂಕ್ರಾಂತಿಗೆ ಸಾಲದಾಯಿತು. "ಈ ಹುಡುಗಿಗೂ ಪಲ್ಲ್ಯಾ ಹತ್ತೇದ ನೋಡ್ರಿ" ಎಂದು ಅವ್ವ ಎಲ್ಲರಿಗೂ ತೋರಿಸುತ್ತಿದ್ದಳು.

ನಗುವ ಮಾತಲ್ಲ. ದಶಮಿ ನನ್ನ ಹೊಟ್ಟೆಗೆ ಇಳಿದಂತೆಲ್ಲ ಹೊಸ ಅಂಜಿಕೆ ಮೇಲೇರುತ್ತಿತ್ತು. ಐದನೆಯ ಮನೆಗೆ ಏರಿಸಿದ್ದು ಆಯಿಯ ಹಾಲೇ ಆಗಿದ್ದರೆ? ಆ ಹಾಲನ್ನು ಈಗ ನಾನು ಕದ್ದು ತಿನ್ನುತ್ತಿದ್ದೇನೆ. ಅವ್ವ ಸತ್ತರೆ ಕೊಂದವಳು ನಾನೇ. ಅದಕ್ಕೆ ಬುಟ್ಟಿಯ ಪಲ್ಲೆ ಎರಡು ಪಟ್ಟು ಮಾಡಿದೆ. ಚಳಿ ಬಿದ್ದ ಮೇಲೆ ಕಡಲೆ ಹೊಲದಲ್ಲಿ ಕುಡಿ ಚಿವುಟಿ ಚಿವುಟಿ ಬೆರಳೆಲ್ಲ ಹುಳಿ. ಕುಸುಬೆಯ ಎಳೆ ಎಲೆ, ಸಬ್ಬಸಗಿ, ಹಕ್ಕರಕಿ. ಅವ್ವ ಸಾಕೆಂದರೂ ಮತ್ತೊಂದು ತುತ್ತು ಪಲ್ಲೆ ತಾಟಿಗೆ ಹಾಕಿ, ನಿಂಬೆಹಣ್ಣು ಹಿಂಡಿ, ತಿನ್ನುವ ತನಕ ಎದುರು ಕೂರುತ್ತಿದ್ದೆ. ಅಪ್ಪ ಮಧ್ಯಾಹ್ನ ಚಹಾ ಕೇಳಿದರೆ ಅವ್ವನ ಪಾಲಿನ ಕಷಾಯವನ್ನೂ ತೆಗೆದು ಬಚ್ಚಿಡುತ್ತಿದ್ದೆ, ಅದೂ ಚಹಾದ ಬಣ್ಣವೇ ಇತ್ತಲ್ಲ ಎಂದು.

ಎಳ್ಳು ಅಮಾವಾಸ್ಯೆ ಬಂತು. ನಮ್ಮ ಬೀದರ ಸೀಮೆಯಲ್ಲಿ ಆ ದಿನ ಹೊಲದಲ್ಲಿ ಭಜ್ಜಿ ಉಣ್ಣದವನು ಮನುಷ್ಯನೇ ಅಲ್ಲ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ ಮತ್ತೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯೆ, ಪಾಲಕ, ಹೊಲದಲ್ಲಿ ಕಂಡ ಸೊಪ್ಪೆಲ್ಲವನ್ನೂ ಒಂದೇ ದೊಡ್ಡ ಗುಂಡಿಗೆ ಪಾತ್ರೆಯಲ್ಲಿ ಹಾಕಿ, ಹುಣಸೆ ಹುಳಿ, ಕಡಲೆ ಹಿಟ್ಟು ಬೆರೆಸಿ ತಾಸುಗಟ್ಟಲೆ ಕುದಿಸುವ ಪಲ್ಲೆ. ಮಗ್ಗುಲಿಗೆ ಸಜ್ಜೆ ರೊಟ್ಟಿ. ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ನಮ್ಮ ಹಿರಿಯರು ಒಂದೇ ಗುಂಡಿಗೆಯಲ್ಲಿ ಎಂದೋ ಕುದಿಸಿಟ್ಟಿದ್ದರು. ಅವ್ವ ಅವತ್ತು ಮೂರು ಸಲ ಬಡಿಸಿಕೊಂಡಳು. ಅಂಬಲಿಗೆ ಮಜ್ಜಿಗೆ ಬೆರೆಸುವ ಮುಂಚೆ ತನ್ನ ಪಾಲು ತೆಗೆದಿಟ್ಟು, ಅದಕ್ಕೆ ನಿಂಬೆ ಹಿಂಡಿ ಕುಡಿದಳು. ಬಿಸಿಲಿಗೆ ಅವಳ ಕೆನ್ನೆ ಕೆಂಪಾಗಿತ್ತು. ಬಿಸಿಲಿನದೋ ರಕ್ತದ್ದೋ ತಿಳಿಯದೆ ನಾನು ನೆರಳಿಗೆ ಬಾ, ನೆರಳಿಗೆ ಬಾ ಎಂದು ಅವಳನ್ನು ಪೀಡಿಸಿದೆ.

ಏಳು ತಿಂಗಳು ತುಂಬುವ ವಾರ ಮೂರನೆಯ ಸಲ ಹುಮನಾಬಾದಿಗೆ. ಡಾಕ್ಟರಬಾಯಿ ಪುಸ್ತಕ ತೆಗೆದಾಗ ನಾನು ಕಣ್ಣು ಮುಚ್ಚಿದೆ. "ಏಳು!" ಎಂದರು ಅವರು. ಆರಕ್ಕಿಂತ ಗಾಢ, ಏಳಕ್ಕೆ ಸರಿಯಾಗಿ ಹೊಂದಿತ್ತು. ಆಯಿ ಹಾಲು ಗೆದ್ದಿತೆಂದು ಸೆರಗು ಸರಿಪಡಿಸಿಕೊಂಡರು. ಅವ್ವ ಪಲ್ಲೆ ಗೆದ್ದಿತೆಂದು ನನ್ನ ತಲೆ ಸವರಿದಳು. ಯಾವುದು ಗೆದ್ದಿತೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹೇಳುವಂತಿರಲಿಲ್ಲ. ಹೇಳಿದರೆ ಆಯಿಯ ಕಳವೂ ಹೊರಬೀಳುತ್ತಿತ್ತು.

ಶಿವರಾತ್ರಿಗೆ ಮುಂಚೆ ತಮ್ಮ ಹುಟ್ಟಿದ. ಕಿರುಚಿದ ಸದ್ದಿಗೆ ಓಣಿಯ ನಾಯಿಗಳು ಎದ್ದವು. ಮೂರು ದಿನ ನಾನು ತೊಟ್ಟಿಲು ಬಿಟ್ಟು ಕದಲಲಿಲ್ಲ. ನಾಲ್ಕನೆಯ ದಿನ ಬೆಳಗಾಯಿತು, ಕೂಸು ಕಣ್ಣು ಬಿಟ್ಟು ಆಕಳಿಸಿತು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಐದನೆಯ ದಿನ ಓಣಿಯ ಹೆಂಗಸರು ಕೂಸು ನೋಡಲು ಬಂದರು. ಕೂಸಿನ ತೊಡೆ ನೋಡಿ, "ಹೈನ ಇಲ್ಲದ ಬಸುರಿಗೆ ಹ್ಯಾಂಗರೆ ಇಂಥಾ ಕೂಸು ಬಂತು ತಾಯಿ!" ಎಂದಳೊಬ್ಬಳು. ಆಯಿಗೆ ತಡೆಯಲಾಗಲಿಲ್ಲ. ಆರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬಂದೇಬಿಟ್ಟಿತು. "ಹೈನ ಇಲ್ಲಂತ ಯಾರಂದ್ರು? ದಿನಾ ಎರಡು ದಶಮಿ ತಿನಿಸೀನಿ ಈ ಕೈಲೆ. ಅಕಿಗೇ ಗೊತ್ತಿಲ್ಲ!"

ಹೆಂಗಸರು ನಕ್ಕರು. ಅವ್ವ ನಗಲಿಲ್ಲ. ಮೊಲೆಯುಣ್ಣುತ್ತಿದ್ದ ಕೂಸನ್ನು ಎರಡೂ ಕೈಯಿಂದ ಅವಚಿಕೊಂಡಳು. ಅವಳ ಮುಖದಿಂದ ಏಳು ಮನೆಯ ರಕ್ತವೂ ಒಂದೇ ಸಲಕ್ಕೆ ಇಳಿದುಹೋಯಿತು. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಅವ್ವ ಮುಂದಿಟ್ಟಿದ್ದ ಊಟದ ತಾಟು ದೂಡಿದಳು. ಕೂಸಿನ ತಲೆಯ ಮೇಲೆ ಅಂಗೈ ಮುಚ್ಚಿಕೊಂಡು, ಮೇಲಿನಿಂದ ಏನೋ ಬೀಳುತ್ತದೆ ಎನ್ನುವಂತೆ ಜಂತಿ ನೋಡುತ್ತ ಕುಳಿತಳು. ನನಗೆ ಅಷ್ಟು ಹೆದರಿಕೆ ಅದರ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಿಲ್ಲ.

"ಅವ್ವಾ" ಎಂದೆ. ಅವಳು ಜಂತಿಯಿಂದ ಕಣ್ಣು ಇಳಿಸಲಿಲ್ಲ. ಮತ್ತೊಮ್ಮೆ "ಅವ್ವಾ, ನೀ ತಿಂದಿಲ್ಲ" ಎಂದೆ.

"ಏನಂದಿ?"

"ಬಸ್ಸಿನ್ಯಾಗ ಕೂಸಿನ ಆಣಿ ಮಾಡಿದೆಲ್ಲ, ಅದರ ಮರುದಿನದಿಂದ ದಶಮಿ ನಾ ತಿಂದೀನಿ. ನಿನ್ನ ತಾಟಿಗೆ ನನ್ನ ರೊಟ್ಟಿ ಹಾಕತಿದ್ದೆ."

"ಸುಳ್ಳು!" ಎಂದು ಆಯಿ ಒದರಿದರು. "ನಾ ನನ್ನ ಕಣ್ಣಾರೆ..." ಎಂದವರು ಅಲ್ಲಿಗೇ ನಿಂತರು. ಅವರ ಕಣ್ಣು ನನ್ನ ಕೆನ್ನೆಯ ಮೇಲೆ ಬಿತ್ತು. ಆಮೇಲೆ ಬಿಗಿದ ಲಂಗದ ಮೇಲೆ.

ಅವ್ವ ನನ್ನನ್ನು ಹತ್ತಿರ ಕರೆದಳು. ಗಲ್ಲ ಹಿಡಿದು ಕಣ್ಣೊಳಗೆ ನೋಡಿದಳು. "ಒಂದೂ ತಿಂದಿಲ್ಲೇನು ನಾ? ಆ ದಿನದ ಮ್ಯಾಲ ಒಂದು ತುಣುಕೂ?"

"ಒಂದು ತುಣುಕೂ ಇಲ್ಲ ಅವ್ವಾ. ಲಿಂಗದಾಣಿ."

ಅವ್ವ ನನ್ನ ಹೊಟ್ಟೆ ನೋಡಿದಳು, ಆಯಿಯ ಮುಖ ನೋಡಿದಳು. ಅಳಲು ಶುರುಮಾಡಿ ನಕ್ಕಳು. ಆಯಿಗೆ ಅಷ್ಟೇ ಹೇಳಿದಳು: "ಅದರ ಹಿಂದಿಂದು ಗೊತ್ತಿಲ್ಲದ ತಿಂದದ್ದು, ಅತ್ತಿ. ಅದು ನನ್ನ ಪಾಪ ಅಲ್ರಿ, ನಿಮ್ಮದು." ಮರುದಿನ ಬೆಳಿಗ್ಗೆ ಆಯಿ ಬಾಣಂತಿಯ ಕೋಣೆಯ ಬಾಗಿಲಲ್ಲೇ, ಅವ್ವನ ಕಣ್ಣೆದುರಿಗೆ ಒರಳು ಇಟ್ಟುಕೊಂಡು ಎಳ್ಳು ಅರೆದರು. ಅದರ ಹಾಲು ಸೋಸಿ, ಬೆಲ್ಲ ಹಾಕಿ, ಬಾಣಂತಿಯರಿಗೆ ಕೊಡುವ ಅಳ್ವಿ ಬೀಜದ ಪಾಯಸ ಮಾಡಿ ಬಟ್ಟಲು ಮುಂದಿಟ್ಟರು. ಅವ್ವ ಕುಡಿದಳು. ಆಯಿ ಇರುವ ತನಕ ರೊಟ್ಟಿ ಮಾತ್ರ ಅವ್ವ ತಾನೇ ಬಡಿದುಕೊಂಡಳು.

ಈಗ ಅವ್ವನಿಗೆ ಐವತ್ತು ದಾಟಿದೆ. ಹೈನ ಮುಟ್ಟಿಲ್ಲ. ಗಟ್ಟಿಮುಟ್ಟಾಗಿದ್ದಾಳೆ. ತಮ್ಮ ನನ್ನ ಭುಜ ಮೀರಿ ಬೆಳೆದು ಮೀಸೆ ತಿರುವುತ್ತಾನೆ. ಮೊನ್ನೆ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ತಮ್ಮ ಬೀಜ ತರಲು ಗೆಳೆಯನ ಮೋಟಾರ್ ಸೈಕಲ್ ಮೇಲೆ ಚಿಟಗುಪ್ಪಕ್ಕೆ ಹೋದ. ಹನ್ನೆರಡಕ್ಕೆ ಬರುತ್ತೇನೆಂದವನು ಎರಡಾದರೂ ಬರಲಿಲ್ಲ. ನಾನು ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದೆ. ಅವ್ವ ನಿಶ್ಚಿಂತೆಯಿಂದ ಮೆಂತ್ಯೆ ಸೋಸುತ್ತಿದ್ದಳು.

"ಯಾಕ ಅಂಜತಿ? ಅವಗೇನೂ ಆಗಂಗಿಲ್ಲ" ಎಂದಳು. "ನನ್ನ ಆಣಿ ಗಟ್ಟಿ ಅದ. ನೀನೇ ಕಾದೀಯಲ್ಲ ಅದನ್ನ."

"ಹೌದವ್ವಾ" ಎಂದೆ.

ಇಲ್ಲ. ಒಂದು ದಿನ ಕಾಯಲಿಲ್ಲ. ಎಳ್ಳು ಅಮಾವಾಸ್ಯೆಗೆ ನಾಲ್ಕು ದಿನವಿತ್ತು. ಅವ್ವ ಬೀಸುವ ಕಲ್ಲಿನ ಮುಂದೆ ಕಣ್ಣು ಕತ್ತಲೆ ಬಂದು ಒರಗಿದಳು. ನೀರು ಚಿಮುಕಿಸಿದ ಮೇಲೆ ಎದ್ದು ಉಣ್ಣಲು ಕುಳಿತಳು. ತುಟಿ ಬೆಳ್ಳಗಿತ್ತು. ತಾಟಿನಲ್ಲಿ ದಶಮಿ ಇತ್ತು. ನನ್ನ ಕೈ ಮುಂದೆ ಹೋಗಲಿಲ್ಲ. ಇವತ್ತೊಂದು ದಿನ ತಿನ್ನಲಿ, ಇಲ್ಲದಿದ್ದರೆ ಸಾಯುತ್ತಾಳೆ ಎಂದುಕೊಂಡೆ. ಅವ್ವ ಆ ರೊಟ್ಟಿಯನ್ನು ಪೂರ್ತಿ ತಿಂದಳು. ನಾನು ನೋಡುತ್ತ ಕುಳಿತಿದ್ದೆ. ಆಮೇಲೆ ಲಿಂಗದ ಮೇಲೆ ಆಣೆ ಮಾಡಿ ಇಲ್ಲವೆಂದೆ. ಅಂದಿನಿಂದ ತಮ್ಮ ಕೆಮ್ಮಿದರೆ, ಜಾರಿ ಬಿದ್ದರೆ, ಬಸ್ಸು ತಪ್ಪಿಸಿಕೊಂಡರೆ ನನಗೆ ಆ ಒಂದು ರೊಟ್ಟಿ ಕಣ್ಣ ಮುಂದೆ ಬರುತ್ತದೆ.

ಮೊನ್ನೆ ತಮ್ಮ ಮೂರು ಗಂಟೆಗೆ ಬಂದ, ಟಯರು ಪಂಕ್ಚರ್ ಆಗಿತ್ತಂತೆ. ನಾನು ಬಾಯಿಗೆ ಬಂದಂತೆ ಬೈದೆ. ಅವನು ನಗುತ್ತ ರೊಟ್ಟಿ ಕೇಳಿದ.

ಇದನ್ನು ಇಪ್ಪತ್ತು ವರ್ಷಗಳಲ್ಲಿ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆ ಬರೆದೆ. ಬರೆದು ಮುಗಿಸಿದ ಮೇಲೆ ನೆನಪಾಯಿತು, ತಮ್ಮನಿಗೆ ಬರುತ್ತದೆ.